ಓಡುವ ವಾಹನ, ಮೋಸಹೋಗುವ ಕಣ್ಣು

ಎದುರಿನಿಂದ ಬರುವ ಬೈಕ್ ಸವಾರನಿಗೆ ಬೆರಳುಗಳನ್ನು ಮಡಚಿ ಬಿಚ್ಚಿ, 'ಲೈಟ್ ಉರಿಯುತ್ತಿದೆ, ಆರಿಸಿ' ಎಂದು ಸನ್ನೆ ಮಾಡುವುದು ನಮ್ಮ ರಸ್ತೆಗಳ ಹಳೆಯ ಸೌಜನ್ಯ. 2017ರ ಬಳಿಕ ಈ ಸೌಜನ್ಯಕ್ಕೆ ಅರ್ಥವಿಲ್ಲದಂತಾಯಿತು. ಆ ವರ್ಷ ಎಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಚಾಲೂ ಆದೊಡನೆ ಹೆಡ್‌ಲೈಟ್ ತಾನಾಗಿಯೇ ಉರಿಯಬೇಕೆಂಬ ನಿಯಮ ಬಂತು. ಸವಾರ ಬಯಸಿದರೂ ಅದನ್ನು ಆರಿಸುವಂತಿಲ್ಲ. ಆದರೂ ಸನ್ನೆ ಮಾಡುವವರು ಇಂದಿಗೂ ಇದ್ದಾರೆ. ಸೂರ್ಯ ನೆತ್ತಿಯ ಮೇಲಿರುವಾಗ ದೀಪವೇಕೆ, ಬ್ಯಾಟರಿ ಹಾಳಲ್ಲವೇ ಎಂಬುದು ಅವರ ಪ್ರಶ್ನೆ.

ಉತ್ತರ ಸರಳ. ಆ ದೀಪ ಇರುವುದು ಸವಾರನಿಗೆ ದಾರಿ ತೋರಿಸಲಿಕ್ಕಲ್ಲ, ಸವಾರನನ್ನು ಇತರರಿಗೆ ತೋರಿಸಲಿಕ್ಕೆ. ಪೇಟೆಯ ಒಂದು ರಸ್ತೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಅಂಗಡಿಗಳ ಬೋರ್ಡುಗಳು, ಬ್ಯಾನರುಗಳು, ವಿದ್ಯುತ್ ಕಂಬಗಳು, ನಿಂತ ರಿಕ್ಷಾಗಳು, ಹಣ್ಣಿನ ಗಾಡಿಗಳು, ಜನ. ಇಷ್ಟರ ನಡುವಿನಿಂದ ಕಪ್ಪು ಬೈಕೊಂದು, ಕಂದು ಬಣ್ಣದ ಅಂಗಿ ತೊಟ್ಟ ಸವಾರನೊಂದಿಗೆ ಬರುತ್ತಿದೆ. ಅದು ಹಿಂದಿನ ಚಿತ್ರದೊಳಗೆ ಕರಗಿಹೋಗುತ್ತದೆ. ಅಪಘಾತ ಮಾಡಿದ ಚಾಲಕರ ಬಾಯಲ್ಲಿ ನಾವು ಮತ್ತೆ ಮತ್ತೆ ಕೇಳುವ ಮಾತೊಂದಿದೆ: 'ನಾನು ನೋಡಿದ್ದೆ, ಆದರೆ ಯಾರೂ ಕಾಣಲಿಲ್ಲ.' ಕೇಳುವವರಿಗೆ ಇದು ಹಸಿ ಸುಳ್ಳೆನಿಸುತ್ತದೆ. ಎಲ್ಲ ಸಲವೂ ಅದು ಸುಳ್ಳಲ್ಲ.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಮಡಿದವರು 1,68,491 ಮಂದಿ. ಇವರಲ್ಲಿ 32,825 ಮಂದಿ ಪಾದಚಾರಿಗಳು. ದ್ವಿಚಕ್ರ ವಾಹನಗಳಲ್ಲಿದ್ದವರು ಶೇಕಡಾ 44ಕ್ಕೂ ಹೆಚ್ಚು. ಅತಿವೇಗ, ಕುಡಿತ, ಮೊಬೈಲು, ಹದಗೆಟ್ಟ ರಸ್ತೆ ಇವೆಲ್ಲ ಕಾರಣಗಳೆಂಬುದು ಎಲ್ಲರಿಗೂ ಗೊತ್ತು. ನಾವು ಅಷ್ಟಾಗಿ ಗಮನಿಸದ ಇನ್ನೊಂದು ಸಂಗತಿಯೂ ಇದೆ. ಚಲಿಸುವ ವಸ್ತುವನ್ನು ಕಣ್ಣು ಹೇಗೆ ಗುರುತಿಸುತ್ತದೆ, ಅದರ ವೇಗವನ್ನು ಹೇಗೆ ಅಳೆಯುತ್ತದೆ ಎಂಬುದು ಆ ವಸ್ತುವನ್ನಷ್ಟೇ ಅವಲಂಬಿಸಿಲ್ಲ. ಅದರ ಹಿಂದೆ ಏನಿದೆ, ಸುತ್ತ ಏನಿದೆ, ನಡುವೆ ಏನಿದೆ ಎಂಬುದನ್ನೂ ಅವಲಂಬಿಸಿದೆ.

ಕಣ್ಣು ಹೋಲಿಸಿ ನೋಡುತ್ತದೆ

ರೈಲು ನಿಲ್ದಾಣದಲ್ಲಿ ನಿಮ್ಮ ರೈಲು ನಿಂತಿದೆ. ಪಕ್ಕದ ಹಳಿಯ ರೈಲು ಮೆಲ್ಲನೆ ಹೊರಡುತ್ತದೆ. ನಮ್ಮದೇ ಹೊರಟಿತೆಂದು ನಿಮಗೆ ಅನಿಸುತ್ತದೆ. ಆಚೆ ಬದಿಯ ಪ್ಲಾಟ್‌ಫಾರ್ಮಿನತ್ತ ತಿರುಗಿ ನೋಡಿದಾಗಲೇ ನಿಜ ತಿಳಿಯುವುದು. ಮೋಡಗಳ ನಡುವೆ ಚಂದ್ರ ಓಡುವುದನ್ನು ನೋಡದ ಮಕ್ಕಳಿಲ್ಲ. ಈದ್‌ನ ಚಂದ್ರನನ್ನು ಹುಡುಕುವ ಸಂಜೆ ತೆಳು ಮೋಡ ಹಾದುಹೋದರೆ, ಬಿದಿಗೆಯ ಆ ಎಳೆ ಆಕಾಶದಲ್ಲಿ ಜಾರಿದಂತೆ ದೊಡ್ಡವರಿಗೂ ಕಾಣುತ್ತದೆ. ಓಡುತ್ತಿರುವುದು ಮೋಡ. ಆದರೆ ದೊಡ್ಡದಾಗಿ ಹರಡಿಕೊಂಡದ್ದು ನಿಂತಿದೆ, ಅದರೊಳಗಿನ ಚಿಕ್ಕದು ಚಲಿಸುತ್ತಿದೆ ಎಂದು ತೀರ್ಮಾನಿಸುವುದು ಮೆದುಳಿನ ಅಭ್ಯಾಸ. ಜರ್ಮನಿಯ ಮನಃಶಾಸ್ತ್ರಜ್ಞ ಕಾರ್ಲ್ ಡಂಕರ್ 1929ರಲ್ಲಿ ಇದನ್ನು ಪ್ರಯೋಗಗಳ ಮೂಲಕ ತೋರಿಸಿಕೊಟ್ಟರು.

ಈ ವಿಚಾರಕ್ಕೆ ಕೈ ಹಾಕಿದವರಲ್ಲಿ ಡಂಕರ್ ಮೊದಲಿಗರೇನಲ್ಲ. ಅವರಿಗಿಂತ ಒಂಬೈನೂರು ವರ್ಷಗಳ ಹಿಂದೆ, ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನುಲ್ ಹೈಸಮ್ ತಮ್ಮ 'ಕಿತಾಬುಲ್ ಮನಾಝಿರ್' ಎಂಬ ಏಳು ಭಾಗಗಳ ಗ್ರಂಥದಲ್ಲಿ ಚಲನೆಯ ಬಗ್ಗೆ ವಿವರವಾಗಿ ಬರೆದಿದ್ದಾರೆ. ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುವುದಿಲ್ಲ, ವಸ್ತುವಿನಿಂದ ಬೆಳಕು ಕಣ್ಣಿಗೆ ಬರುತ್ತದೆ ಎಂದು ಅವರು ಹೇಳಿದ್ದು ಎಲ್ಲರಿಗೂ ಗೊತ್ತಿದೆ. ಅದೇ ಗ್ರಂಥದಲ್ಲಿ, ಕಣ್ಣಿನ ಮೂಲಕ ನಾವು ತಿಳಿಯುವ ಇಪ್ಪತ್ತೆರಡು ಗುಣಗಳನ್ನು ಅವರು ಪಟ್ಟಿ ಮಾಡುತ್ತಾರೆ. ಚಲನೆ ಮತ್ತು ನಿಶ್ಚಲತೆ ಅವುಗಳಲ್ಲಿ ಸೇರಿವೆ. ಚಲಿಸುವ ವಸ್ತುವನ್ನು ಬೇರೆ ವಸ್ತುಗಳೊಂದಿಗೆ ಹೋಲಿಸಿಯೇ ದೃಷ್ಟಿ ಅದರ ಚಲನೆಯನ್ನು ತಿಳಿಯುತ್ತದೆ, ಹಾಗೆ ತಿಳಿಯಲು ಅದಕ್ಕೆ ಒಂದಿಷ್ಟು ಸಮಯವೂ ಬೇಕು ಎಂಬುದು ಅವರ ವಿವರಣೆ. ಬಣ್ಣ ಬಣ್ಣದ ಪಟ್ಟೆ ಬಳಿದ ಬುಗುರಿ ವೇಗವಾಗಿ ತಿರುಗುವಾಗ ಒಂದೇ ಬಣ್ಣದ್ದಾಗಿ ಕಾಣುವುದನ್ನೂ ಅವರು ಉದಾಹರಿಸಿದ್ದಾರೆ. ಒಂದೇ ಬಣ್ಣ ಕಪ್ಪು ನೆಲದ ಮೇಲೆ ಒಂದು ಬಗೆಯಾಗಿ, ಬಿಳಿ ನೆಲದ ಮೇಲೆ ಇನ್ನೊಂದು ಬಗೆಯಾಗಿ ಕಾಣುತ್ತದೆ ಎಂಬುದೂ ಅವರ ಕಣ್ಣಿಗೆ ಬಿದ್ದಿತ್ತು. 2015ನ್ನು ವಿಶ್ವಸಂಸ್ಥೆ ಅಂತಾರಾಷ್ಟ್ರೀಯ ಬೆಳಕಿನ ವರ್ಷವಾಗಿ ಆಚರಿಸಿದಾಗ ಈ ಗ್ರಂಥಕ್ಕೆ ಸಾವಿರ ವರ್ಷ ತುಂಬಿದ್ದನ್ನು ವಿಶೇಷವಾಗಿ ಸ್ಮರಿಸಲಾಯಿತು.

ಸುರಿಯದ ಚಹಾ

ಚಲನೆಯನ್ನು ಕಾಣುವುದು ಎಂಥ ದೊಡ್ಡ ಅನುಗ್ರಹವೆಂಬುದು ಅದನ್ನು ಕಳಕೊಂಡವರಿಂದ ತಿಳಿಯಬೇಕು. 1983ರಲ್ಲಿ ಜರ್ಮನಿಯ ಮ್ಯೂನಿಕ್‌ನ ಯೋಸೆಫ್ ಝಿಲ್ ಮತ್ತು ಸಂಗಡಿಗರು ಒಬ್ಬ ಮಹಿಳೆಯ ವಿಚಿತ್ರ ಸ್ಥಿತಿಯನ್ನು ವರದಿ ಮಾಡಿದರು. ಮೆದುಳಿನ ರಕ್ತನಾಳದಲ್ಲಿ ಅಡಚಣೆಯಾಗಿ ಆಕೆಯ ಮೆದುಳಿನ ಹಿಂಭಾಗದ ಎರಡೂ ಬದಿಗಳಿಗೆ ಹಾನಿಯಾಗಿತ್ತು. ಬಣ್ಣ ಕಾಣುತ್ತಿತ್ತು, ಅಕ್ಷರ ಓದಬಹುದಿತ್ತು, ಮುಖಗಳ ಗುರುತು ಸಿಗುತ್ತಿತ್ತು. ಚಲನೆ ಮಾತ್ರ ಕಾಣುತ್ತಿರಲಿಲ್ಲ. ಕಪ್ಪಿಗೆ ಚಹಾ ಸುರಿಯುವಾಗ ಅದು ಹೆಪ್ಪುಗಟ್ಟಿದ ಮಂಜುಗಡ್ಡೆಯಂತೆ ನಿಂತೇ ಇರುತ್ತಿತ್ತು. ಕಪ್ಪು ತುಂಬುತ್ತಿದೆಯೆಂದು ತಿಳಿಯದೆ ಚಹಾ ಚೆಲ್ಲುತ್ತಿತ್ತು. ಕೋಣೆಯಲ್ಲಿ ಒಂದೆರಡು ಜನ ಹೆಚ್ಚು ಓಡಾಡಿದರೆ ಆಕೆಗೆ ಕಸಿವಿಸಿ. ಇಲ್ಲಿದ್ದವರು ಇದ್ದಕ್ಕಿದ್ದಂತೆ ಅಲ್ಲಿರುತ್ತಿದ್ದರು, ನಡುವಿನ ನಡಿಗೆಯೇ ಇಲ್ಲ. ರಸ್ತೆ ದಾಟುವುದಂತೂ ಆಗದ ಮಾತಾಯಿತು. ದೂರದಲ್ಲಿದ್ದ ಕಾರು ಮರುಕ್ಷಣ ಎದುರಿಗೇ ಬಂದಿರುತ್ತಿತ್ತು.

ಚಲನೆಯನ್ನು ಅರಿಯಲು ಮೆದುಳಿನಲ್ಲಿ ಪ್ರತ್ಯೇಕವಾದ ವ್ಯವಸ್ಥೆಯೇ ಇದೆ ಎಂಬುದಕ್ಕೆ ಈ ಪ್ರಕರಣ ದೊಡ್ಡ ಪುರಾವೆಯಾಯಿತು. ನಮ್ಮಲ್ಲಿ ಆ ವ್ಯವಸ್ಥೆ ಸರಿಯಾಗಿಯೇ ಕೆಲಸ ಮಾಡುತ್ತಿದೆ. ಆದರೆ ಸುತ್ತಲಿನ ದೃಶ್ಯ ಅದಕ್ಕೆ ಸಹಕರಿಸದಿದ್ದರೆ ಆ ಮಹಿಳೆಯ ಕಷ್ಟದ ಒಂದು ಅಂಶ ನಮ್ಮದೂ ಆಗುತ್ತದೆ.

ಗೀರು ಬಿದ್ದ ಗಾಜು

ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾನಿಲಯದ ಪೀಟರ್ ಥಾಂಪ್ಸನ್ 1982ರಲ್ಲಿ ಒಂದು ವಿಷಯವನ್ನು ಪ್ರಕಟಿಸಿದರು. ಸ್ಪಷ್ಟವಾದ ಕಪ್ಪು ಬಿಳಿ ಪಟ್ಟೆಗಳು ಮತ್ತು ಮಬ್ಬಾದ ಬೂದು ಪಟ್ಟೆಗಳು ಒಂದೇ ವೇಗದಲ್ಲಿ ಚಲಿಸಿದರೂ ಮಬ್ಬಾದವು ನಿಧಾನವಾಗಿ ಚಲಿಸುತ್ತಿವೆ ಎಂದು ನೋಡುವವರಿಗೆ ಅನಿಸುತ್ತದೆ. ಹಿನ್ನೆಲೆಗೂ ವಸ್ತುವಿಗೂ ಇರುವ ವ್ಯತ್ಯಾಸ ಕಡಿಮೆಯಾದಷ್ಟೂ ವೇಗ ಕಡಿಮೆಯೆನಿಸುತ್ತದೆ. ಪ್ರಯೋಗಶಾಲೆಯ ಪಟ್ಟೆಗಳಿಂದ ನಮಗೇನಾಗಬೇಕು ಎಂದು ಕೇಳಬಹುದು. ಮಳೆಗಾಲದಲ್ಲಿ ಚಾರ್ಮಾಡಿ ಘಾಟಿ ಹತ್ತಿದವರು ಹಾಗೆ ಕೇಳಲಿಕ್ಕಿಲ್ಲ.

1998ರಲ್ಲಿ ಕಾರ್ಡಿಫ್ ವಿಶ್ವವಿದ್ಯಾನಿಲಯದ ರಾಬರ್ಟ್ ಸ್ನೋಡನ್ ಮತ್ತು ಸಂಗಡಿಗರು ಜನರನ್ನು ಕಾರು ಓಡಿಸುವ ಕೃತಕ ಯಂತ್ರದಲ್ಲಿ ಕೂರಿಸಿ, ಪರದೆಯ ಮೇಲೆ ಮಂಜು ಕವಿದ ದೃಶ್ಯವನ್ನು ತೋರಿಸಿದರು. ಇಂತಿಷ್ಟು ವೇಗದಲ್ಲಿ ಓಡಿಸಿ ಎಂದು ಹೇಳಲಾಗಿತ್ತು. ಮಬ್ಬು ಹೆಚ್ಚಿದಂತೆ ಜನ ತಮಗರಿವಿಲ್ಲದೆಯೇ ಹೆಚ್ಚು ವೇಗವಾಗಿ ಓಡಿಸಿದರು. ನಿಧಾನವಾಗಿ ಹೋಗುತ್ತಿದ್ದೇವೆಂಬ ಭ್ರಮೆ ಅವರದು. ಈ ಫಲಿತಾಂಶ ಬಹಳ ಕಾಲ ಹೆಸರಾಗಿತ್ತು. 2012ರಲ್ಲಿ ಜರ್ಮನಿಯ ಟ್ಯೂಬಿಂಗನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಪಾವೊಲೊ ಪ್ರೆಟ್ಟೊ ಮತ್ತು ಸಂಗಡಿಗರು ಇದಕ್ಕೊಂದು ತಿದ್ದುಪಡಿ ತಂದರು. ನಿಜವಾದ ಮಂಜು ಎಲ್ಲವನ್ನೂ ಸಮನಾಗಿ ಮಬ್ಬಾಗಿಸುವುದಿಲ್ಲ. ದೂರದ್ದು ಮಾಯವಾಗುತ್ತದೆ, ಹತ್ತಿರದ್ದು ಸ್ಪಷ್ಟವಾಗಿಯೇ ಇರುತ್ತದೆ. ಇಂಥ ಮಂಜನ್ನು ತೋರಿಸಿದಾಗ ಚಾಲಕರಿಗೆ ತಮ್ಮ ವೇಗ ಇರುವುದಕ್ಕಿಂತ ಹೆಚ್ಚೆನಿಸಿ, ಅವರು ನಿಧಾನಿಸಿದರು. ಹತ್ತಿರದ್ದು, ದೂರದ್ದು ಎಲ್ಲವೂ ಒಂದೇ ಸಮ ಮಬ್ಬಾದಾಗ ಮಾತ್ರ ವೇಗ ಹೆಚ್ಚಿಸಿದರು.

ಹಾಗಾದರೆ ಎಲ್ಲವೂ ಒಂದೇ ಸಮ ಮಬ್ಬಾಗುವುದು ಯಾವಾಗ? ಕಾರಿನ ಎದುರಿನ ಗಾಜಿಗೆ ಒಳಗಿನಿಂದ ಉಸಿರಿನ ಹಬೆ ಹಿಡಿದಾಗ. ಸವೆದ ವೈಪರ್ ನೀರನ್ನು ಒರೆಸುವ ಬದಲು ಸಾರಿಸಿದಾಗ. ಹೆಲ್ಮೆಟ್‌ನ ಪ್ಲಾಸ್ಟಿಕ್ ಗಾಜು ಮೂರು ವರ್ಷಗಳ ಧೂಳಿನಿಂದ ಗೀರುಗೀರಾದಾಗ. ಪ್ರಕೃತಿಯ ಮಂಜು ನಮಗೆ ನಿಧಾನಿಸುವ ಎಚ್ಚರಿಕೆಯನ್ನಾದರೂ ಕೊಡುತ್ತದೆ. ನಾವೇ ಸಾಕಿಕೊಂಡ ಈ ಮಬ್ಬು ಕೊಡುವುದು ಹುಸಿ ಧೈರ್ಯ. ಹೊಸ ಹೆಲ್ಮೆಟ್ ಗಾಜಿನ ಬೆಲೆ ಒಂದು ಹೊತ್ತಿನ ಬಿರಿಯಾನಿಗಿಂತ ಬಹಳ ಹೆಚ್ಚೇನೂ ಇರುವುದಿಲ್ಲ. ಆದರೂ ಬೈಕಿಗೆ ವಾರಕ್ಕೊಮ್ಮೆ ಪಾಲಿಶ್ ಹಾಕುವ ಯುವಕರೇ ಮಸುಕಾದ ಗಾಜಿನೊಳಗಿನಿಂದ ರಸ್ತೆ ನೋಡುತ್ತಿರುತ್ತಾರೆ.

ಬೌಲರ್‌ನ ಬೆನ್ನ ಹಿಂದೆ

ಹಿನ್ನೆಲೆಯ ಬೆಲೆಯನ್ನು ಸರಿಯಾಗಿ ತಿಳಿದವರು ಕ್ರಿಕೆಟಿಗರು. ಬೌಲರ್‌ನ ಹಿಂದೆ, ಬೌಂಡರಿಯಾಚೆ ನಿಲ್ಲಿಸುವ ದೊಡ್ಡ ಸೈಟ್‌ಸ್ಕ್ರೀನ್ ಅದಕ್ಕಾಗಿಯೇ ಇದೆ. ಕೆಂಪು ಚೆಂಡಿಗೆ ಬಿಳಿ ಪರದೆ, ಬಿಳಿ ಚೆಂಡಿಗೆ ಕಪ್ಪು ಪರದೆ. ವಿಶ್ವಕಪ್‌ನಲ್ಲಿ ಬಿಳಿ ಚೆಂಡು, ಬಣ್ಣದ ಉಡುಪು ಮತ್ತು ಕಪ್ಪು ಪರದೆ ಮೊದಲು ಕಾಣಿಸಿಕೊಂಡದ್ದು 1992ರಲ್ಲಿ. ಪರದೆಯ ಮುಂದೆ ಪ್ರೇಕ್ಷಕನೊಬ್ಬ ಎದ್ದು ಹೋದರೆ ಬ್ಯಾಟ್ಸ್‌ಮನ್ ಕೈಯೆತ್ತಿ ಬೌಲರನ್ನು ತಡೆಯುತ್ತಾನೆ. ಟಿವಿಯ ಮುಂದೆ ಕುಳಿತ ನಮಗೆ ಇದು ಸಮಯ ಹಾಳು ಮಾಡುವ ನಾಟಕವೆನಿಸಬಹುದು. ಗಂಟೆಗೆ 140 ಕಿಲೋಮೀಟರ್ ವೇಗದ ಚೆಂಡು ಬ್ಯಾಟ್ಸ್‌ಮನ್‌ನನ್ನು ತಲುಪಲು ಅರ್ಧ ಸೆಕೆಂಡೂ ಬೇಡ. ಚೆಂಡು ಕೈಯಿಂದ ಬಿಡುವ ಆ ಗಳಿಗೆಯಲ್ಲಿ ಹಿಂದೆ ಇನ್ನೊಂದು ವಸ್ತು ಅಲುಗಾಡಿದರೆ, ಕಣ್ಣು ಎರಡು ಚಲನೆಗಳನ್ನು ಬೇರ್ಪಡಿಸುವಷ್ಟರಲ್ಲಿ ಚೆಂಡು ಬಂದಾಗಿರುತ್ತದೆ.

ಬ್ಯಾಟ್ಸ್‌ಮನ್ ಚೆಂಡನ್ನು ಕೊನೆಯವರೆಗೂ ನೋಡುತ್ತಾನೆ ಎಂಬುದೂ ಪೂರ್ತಿ ನಿಜವಲ್ಲ. ಮೈಕೆಲ್ ಲ್ಯಾಂಡ್ ಮತ್ತು ಪೀಟರ್ ಮೆಕ್ಲಿಯಡ್ 2000ದಲ್ಲಿ ಆಟಗಾರರ ತಲೆಗೆ ಪುಟ್ಟ ಕ್ಯಾಮೆರಾ ಕಟ್ಟಿ ಪರೀಕ್ಷಿಸಿದರು. ಆಟಗಾರ ಚೆಂಡು ಹೊರಡುವ ಕ್ಷಣವನ್ನು ನೋಡಿ, ಅದು ನೆಲಕ್ಕೆ ತಾಗಲಿರುವ ಜಾಗಕ್ಕೆ ಮುಂಚಿತವಾಗಿಯೇ ಕಣ್ಣನ್ನು ಹಾರಿಸುತ್ತಾನೆ. ಅಂದರೆ ಮೊದಲ ನೋಟವೇ ಮುಖ್ಯ, ಆ ನೋಟಕ್ಕೆ ಶುಭ್ರವಾದ ಹಿನ್ನೆಲೆ ಬೇಕು. ಗುಲಾಬಿ ಚೆಂಡನ್ನು ತಂದದ್ದೂ ಇದೇ ಚಿಂತೆಯಿಂದ. ದೀಪದ ಬೆಳಕಿನಲ್ಲಿ ಕೆಂಪು ಚೆಂಡು ಸರಿಯಾಗಿ ಕಾಣದು, ಬಿಳಿ ಉಡುಪಿನೆದುರು ಬಿಳಿ ಚೆಂಡೂ ಆಗದು. ಕೊನೆಗೆ 2015ರ ನವೆಂಬರಿನಲ್ಲಿ ಅಡಿಲೇಡ್‌ನಲ್ಲಿ ಗುಲಾಬಿ ಚೆಂಡಿನ ಮೊದಲ ಹಗಲು ರಾತ್ರಿ ಟೆಸ್ಟ್ ನಡೆಯಿತು. ಭಾರತ ಅಂಥ ಟೆಸ್ಟನ್ನು ಮೊದಲು ಆಡಿದ್ದು 2019ರಲ್ಲಿ, ಕೋಲ್ಕತ್ತಾದ ಈಡನ್ ಗಾರ್ಡನ್ಸ್‌ನಲ್ಲಿ.

ಒಂದು ಚೆಂಡಿಗಾಗಿ ಇಷ್ಟೆಲ್ಲ ಏರ್ಪಾಡು. ಶಾಲೆಯೆದುರಿನ ರಸ್ತೆಯಲ್ಲಿ ಮಕ್ಕಳ ಹಿನ್ನೆಲೆ ಏನಾಗಿದೆ ಎಂದು ನೋಡುವವರು ಎಷ್ಟು ಜನರಿದ್ದಾರೆ?

ಮಕ್ಕಳ ಕಣ್ಣಿನ ಅಳತೆ

ನೇರವಾಗಿ ನಮ್ಮತ್ತ ಬರುವ ವಾಹನ ಎಡಕ್ಕೂ ಸರಿಯುವುದಿಲ್ಲ, ಬಲಕ್ಕೂ ಸರಿಯುವುದಿಲ್ಲ. ಅದು ಬರುತ್ತಿದೆಯೆಂದು ಕಣ್ಣಿಗೆ ತಿಳಿಯುವುದು ಮುಖ್ಯವಾಗಿ ಅದರ ಆಕಾರ ದೊಡ್ಡದಾಗುತ್ತ ಹೋಗುವುದರಿಂದ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬರುವ ಕಾರನ್ನು ಲೆಕ್ಕ ಹಾಕಿ. ಅದು 100 ಮೀಟರ್ ದೂರದಿಂದ 50 ಮೀಟರ್‌ಗೆ ಬರುವಾಗ ಅದರ ಗಾತ್ರ ಕಣ್ಣಿನಲ್ಲಿ ಇಮ್ಮಡಿಯಾಗುತ್ತದೆ. ಇದಕ್ಕೆ 3.6 ಸೆಕೆಂಡು ಬೇಕು. 20 ಮೀಟರ್‌ನಿಂದ 10 ಮೀಟರ್‌ಗೆ ಬರುವಾಗಲೂ ಇಮ್ಮಡಿಯಾಗುತ್ತದೆ, ಇದಕ್ಕೆ ಮುಕ್ಕಾಲು ಸೆಕೆಂಡೂ ಬೇಡ. ದೂರದಲ್ಲಿದ್ದಾಗ ಅದು ಬೆಳೆಯುವುದು ಗೊತ್ತೇ ಆಗುವುದಿಲ್ಲ, ಹತ್ತಿರ ಬಂದಾಗ ಮೈಮೇಲೆ ಎರಗಿದಂತೆ ಬೆಳೆಯುತ್ತದೆ.

ಲಂಡನ್ ವಿಶ್ವವಿದ್ಯಾನಿಲಯದ ರಾಯಲ್ ಹಾಲೊವೇ ಕಾಲೇಜಿನ ಜಾನ್ ವಾನ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಪ್ರತಿಯೊಬ್ಬ ತಂದೆತಾಯಿ ತಿಳಿದಿರಬೇಕು. ಪ್ರಾಥಮಿಕ ಶಾಲೆಯ ಮಕ್ಕಳು ಈ ಬೆಳವಣಿಗೆಯನ್ನು ಎಷ್ಟರಮಟ್ಟಿಗೆ ಗುರುತಿಸುತ್ತಾರೆಂದು ಅವರು ಅಳೆದರು. ಗಂಟೆಗೆ ಸುಮಾರು 32 ಕಿಲೋಮೀಟರ್‌ಗಿಂತ ವೇಗವಾಗಿ ಬರುವ ವಾಹನವನ್ನು, ಅದು ತಲುಪಲು ಇನ್ನೂ ಕೆಲವು ಸೆಕೆಂಡು ಇರುವಾಗ, ಮಕ್ಕಳು ನಂಬಿಕೆಯಿಂದ ಗುರುತಿಸಲಾರರು ಎಂಬುದು ಅವರ ತೀರ್ಮಾನ. ದೊಡ್ಡವರು ಗಂಟೆಗೆ 80 ಕಿಲೋಮೀಟರ್‌ನವರೆಗೂ ಗುರುತಿಸಬಲ್ಲರು. ಇದರ ತಿರುವು ಗಮನಿಸಿ. ನಾಲ್ಕೈದು ಸೆಕೆಂಡಿನಲ್ಲಿ ನಮ್ಮನ್ನು ತಲುಪಲಿರುವ ನಿಧಾನದ ಕಾರು ಹತ್ತಿರದಲ್ಲಿರುತ್ತದೆ, ದೊಡ್ಡದಾಗಿ ಕಾಣುತ್ತದೆ. ಅಷ್ಟೇ ಸಮಯದಲ್ಲಿ ತಲುಪಲಿರುವ ವೇಗದ ಕಾರು ಇನ್ನೂ ದೂರದಲ್ಲಿರುತ್ತದೆ, ಚಿಕ್ಕದಾಗಿ ಕಾಣುತ್ತದೆ, ನಿಂತಂತೆಯೂ ಕಾಣುತ್ತದೆ. ಹೀಗಾಗಿ ಹೆಚ್ಚು ಅಪಾಯಕಾರಿಯಾದ ವಾಹನವೇ ಮಗುವಿಗೆ ಕಡಿಮೆ ಅಪಾಯಕಾರಿಯೆನಿಸುತ್ತದೆ. 'ಎರಡೂ ಕಡೆ ನೋಡಿ ದಾಟು' ಎಂದು ನಾವು ಕಲಿಸುತ್ತೇವೆ. ಮಗು ನೋಡುತ್ತದೆ. ಕಾರೂ ಕಾಣುತ್ತದೆ. ಅದು ಓಡಿ ಬರುತ್ತಿರುವುದು ಮಾತ್ರ ಕಾಣುವುದಿಲ್ಲ. ಅಂಥ ಮಗುವಿಗೆ ಆಮೇಲೆ ಬೈದು ಏನು ಪ್ರಯೋಜನ? ಹತ್ತು ವರ್ಷದೊಳಗಿನ ಮಕ್ಕಳ ಕೈಹಿಡಿದು ದಾಟಿಸುವುದು ಮುದ್ದು ಮಾಡುವುದಲ್ಲ, ಅವರ ಕಣ್ಣಿಗೆ ಇನ್ನೂ ಬಾರದ ಸಾಮರ್ಥ್ಯವನ್ನು ನಾವು ಎರವಲು ಕೊಡುವುದು. ಶಾಲೆಯ ಮುಂದೆ ವಾಹನಗಳ ವೇಗ 30 ಕಿಲೋಮೀಟರ್‌ನೊಳಗಿರಬೇಕೆಂದು ಒತ್ತಾಯಿಸುವುದಕ್ಕೂ ಇದರಲ್ಲಿ ಗಟ್ಟಿಯಾದ ಕಾರಣವಿದೆ.

ಗಾತ್ರದ ಮೋಸ ದೊಡ್ಡವರನ್ನೂ ಬಿಡುವುದಿಲ್ಲ. ರೈಲು ಅಷ್ಟು ದೊಡ್ಡದಾಗಿದ್ದೂ ನಿಧಾನವಾಗಿ ಬರುತ್ತಿದೆಯೆಂದು ಅನಿಸುವುದೇಕೆ ಎಂಬುದನ್ನು ಅಮೆರಿಕದ ಹರ್ಷಲ್ ಲೀಬೊವಿಟ್ಸ್ 1985ರಲ್ಲಿ ವಿವರಿಸಿದರು. ದೊಡ್ಡ ವಸ್ತು ಚಿಕ್ಕ ವಸ್ತುವಿನಷ್ಟೇ ವೇಗದಲ್ಲಿ ಬಂದರೂ ನಿಧಾನವೆನಿಸುತ್ತದೆ. ನಮ್ಮ ದೇಶದ ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಕಾವಲುಗಾರರಿಲ್ಲದ ಲೆವೆಲ್ ಕ್ರಾಸಿಂಗ್‌ಗಳನ್ನು 2019ರ ಜನವರಿಯೊಳಗೆ ಇಲ್ಲದಂತೆ ಮಾಡಲಾಯಿತು. ಆದರೆ ಗೇಟು ಹಾಕಿದ ಮೇಲೂ ಅಡಿಯಿಂದ ಬೈಕ್ ನುಗ್ಗಿಸುವವರು ಈ ಕಣ್ಕಟ್ಟನ್ನೇ ನಂಬಿದವರು. ರಾತ್ರಿ ಬೈಕಿನ ವಿಷಯದಲ್ಲಿ ಇನ್ನೊಂದು ತೊಂದರೆ. ಕಾರಿಗೆ ಎರಡು ದೀಪ, ಅವುಗಳ ನಡುವಿನ ಅಂತರ ಹಿಗ್ಗುತ್ತ ಬರುವುದರಿಂದ ವೇಗ ತಿಳಿಯುತ್ತದೆ. ಬೈಕಿಗೆ ಒಂದೇ ದೀಪ, ಕತ್ತಲಲ್ಲಿ ಅದು ಒಂದು ಚುಕ್ಕಿ. ಇದೇ ಲಂಡನ್ ತಂಡ 2012ರಲ್ಲಿ ತೋರಿಸಿದಂತೆ, ಕತ್ತಲೆ ಹೆಚ್ಚಿದಷ್ಟೂ ಒಂಟಿ ದೀಪದ ಬೈಕಿನ ವೇಗವನ್ನು ಜನ ಹೆಚ್ಚು ತಪ್ಪಾಗಿ ಅಂದಾಜಿಸುತ್ತಾರೆ. ಬೈಕಿನ ಮುಂಭಾಗಕ್ಕೆ ತ್ರಿಕೋನದಂತೆ ಮೂರು ದೀಪಗಳನ್ನಿಟ್ಟಾಗ ಅಂದಾಜು ಸುಧಾರಿಸಿತು.

ವಾಹನ ಚಲಾಯಿಸುವವರು ನೆನಪಿಡಬೇಕಾದ ಇನ್ನೊಂದು ವಿಚಿತ್ರವಿದೆ. ಅಡ್ಡರಸ್ತೆಯಿಂದ ಬರುವ ವಾಹನ ನಿಮ್ಮ ಕಿಟಕಿಯಲ್ಲಿ ಮುಂದಕ್ಕೆ ಸರಿಯುತ್ತಿದ್ದರೆ ಅದು ನಿಮಗಿಂತ ಮುಂಚೆ ದಾಟುತ್ತದೆ. ಹಿಂದಕ್ಕೆ ಸರಿಯುತ್ತಿದ್ದರೆ ನೀವು ದಾಟಿದ ಮೇಲೆ ಬರುತ್ತದೆ. ಅದು ಸರಿಯದೆ ಒಂದೇ ಕಡೆ ನಿಂತಂತೆ ಕಂಡರೆ ಎರಡೂ ಒಂದೇ ಜಾಗಕ್ಕೆ ಒಂದೇ ಹೊತ್ತಿಗೆ ಬರಲಿವೆ ಎಂದರ್ಥ. ಡಿಕ್ಕಿಯಾಗಲಿರುವ ವಾಹನವೇ ಅಲುಗಾಡದ್ದು! ಅದು ಎದುರಿನ ಗಾಜಿನ ಪಕ್ಕದ ಕಂಬದ ಮರೆಯಲ್ಲಿ ಸಿಕ್ಕಿತೆಂದರೆ ಕೊನೆಯವರೆಗೂ ಮರೆಯಲ್ಲೇ ಉಳಿಯಬಹುದು. ವೃತ್ತಗಳಲ್ಲಿ ತಲೆಯನ್ನು ಮುಂದೆ ಹಿಂದೆ ಬಾಗಿಸಿ ನೋಡುವ ಹಳೆಯ ಲಾರಿ ಚಾಲಕರಿಗೆ ಇದು ಅನುಭವದಿಂದ ಬಂದ ಜ್ಞಾನ.

ಹಿರಿಯರು ಮತ್ತು ಗಿಜಿಗುಡುವ ರಸ್ತೆ

ಅರುವತ್ತು ವರ್ಷದವರ ಅಕ್ಷಿಪಟಲಕ್ಕೆ ತಲುಪುವ ಬೆಳಕು ಇಪ್ಪತ್ತು ವರ್ಷದವರಿಗೆ ತಲುಪುವುದರ ಸುಮಾರು ಮೂರನೇ ಒಂದು ಭಾಗ. ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಯಾಗುತ್ತದೆ. ಇದರ ಜೊತೆ ಮೆದುಳಿನಲ್ಲೂ ಒಂದು ಬದಲಾವಣೆಯಾಗುತ್ತದೆ.

ಇದನ್ನು ತಿಳಿಯಲು ಡುಯೆ ತಾದಿನ್ ಮತ್ತು ಸಂಗಡಿಗರು ಅಮೆರಿಕದಲ್ಲಿ ನಡೆಸಿದ ಪ್ರಯೋಗ ನೋಡಬೇಕು. ಚಲಿಸುವ ಪಟ್ಟೆಗಳು ದೊಡ್ಡದಾಗಿ, ಸ್ಪಷ್ಟವಾಗಿ ಇದ್ದರೆ ಅವು ಯಾವ ಕಡೆಗೆ ಚಲಿಸುತ್ತಿವೆಯೆಂದು ಹೇಳುವುದು ಸುಲಭವಾಗಬೇಕಲ್ಲವೇ? 2003ರಲ್ಲಿ ಅವರು ಕಂಡದ್ದು ಇದಕ್ಕೆ ವಿರುದ್ಧ. ಪಟ್ಟೆಗಳು ದೊಡ್ಡದಾದಷ್ಟೂ ದಿಕ್ಕು ಹೇಳಲು ಜನರಿಗೆ ಹೆಚ್ಚು ಸಮಯ ಬೇಕಾಯಿತು. ಚಲನೆಯನ್ನು ಗ್ರಹಿಸುವ ಮೆದುಳಿನ ಕೋಶಗಳು, ತಮ್ಮ ಸುತ್ತಲೂ ಅದೇ ಬಗೆಯ ಚಲನೆ ಹರಡಿದ್ದರೆ ತಮ್ಮ ಸ್ವರವನ್ನು ತಗ್ಗಿಸುತ್ತವೆ ಎಂಬುದು ಅದರ ವಿವರಣೆ. ಇದು ದೋಷವೆಂದು ಮೊದಲ ನೋಟಕ್ಕೆ ಕಾಣುತ್ತದೆ. ಬಸ್ಸಿನ ಕಿಟಕಿಯಾಚೆ ಮರಗಳೆಲ್ಲ ಹಿಂದಕ್ಕೆ ಓಡುವಾಗ ಆ ಸಾಮೂಹಿಕ ಓಟವನ್ನು ಮೆದುಳು ತಳ್ಳಿಹಾಕುವುದರಿಂದಲೇ, ಅದರ ನಡುವೆ ಬೇರೆ ದಿಕ್ಕಿನಲ್ಲಿ ಓಡುವ ಒಂದು ನಾಯಿ ನಮ್ಮ ಕಣ್ಣಿಗೆ ತಟ್ಟನೆ ಬೀಳುತ್ತದೆ. ಹಿನ್ನೆಲೆಯನ್ನು ಅದುಮಿಟ್ಟು ವಸ್ತುವನ್ನು ಎತ್ತಿ ಕೊಡುವ ಈ ಕೆಲಸ ವಯಸ್ಸಾದಂತೆ ಸಡಿಲವಾಗುತ್ತದೆ. ಹಿರಿಯರು ಹಿನ್ನೆಲೆಯ ದೊಡ್ಡ ಚಲನೆಯನ್ನು ಯುವಕರಿಗಿಂತ ಚೆನ್ನಾಗಿ ಗ್ರಹಿಸುತ್ತಾರೆ. ಅದರೊಳಗಿನಿಂದ ಒಂದು ವಸ್ತುವನ್ನು ಬೇರ್ಪಡಿಸುವುದರಲ್ಲಿ ಹಿಂದೆ ಬೀಳುತ್ತಾರೆ. 2019ರಲ್ಲಿ ರೋಚೆಸ್ಟರ್ ವಿಶ್ವವಿದ್ಯಾನಿಲಯದಿಂದ ಇದೇ ತಾದಿನ್ ತಂಡ ಪ್ರಕಟಿಸಿದ ಅಧ್ಯಯನದಲ್ಲಿ ಹಿರಿಯರಿಗೆ ಅಭ್ಯಾಸ ಕೊಟ್ಟಾಗ ಈ ಸಾಮರ್ಥ್ಯ ಸುಧಾರಿಸಿದ್ದೂ ಕಂಡುಬಂತು.

ಮನೆಯ ಹಿರಿಯರು ಸಂತೆಯ ದಿನ ಪೇಟೆಗೆ ಹೋಗಲು ಹಿಂಜರಿದರೆ, 'ಕಣ್ಣಿನ ಆಪರೇಶನ್ ಆಗಿದೆಯಲ್ಲ, ಇನ್ನೇನು ಹೆದರಿಕೆ' ಎಂದು ಅವರನ್ನು ಗೇಲಿ ಮಾಡಬಾರದು. ಡಾಕ್ಟರ ಕೋಣೆಯ ಅಕ್ಷರದ ಫಲಕ ನಿಂತೇ ಇರುತ್ತದೆ, ಅದರ ಹಿನ್ನೆಲೆಯೂ ಬಿಳಿ. ಅದನ್ನು ಕೊನೆಯ ಸಾಲಿನವರೆಗೆ ಓದಿದವರಿಗೂ ಬಸ್ ನಿಲ್ದಾಣದ ಗದ್ದಲದಲ್ಲಿ ಸ್ಕೂಟರ್ ಕಾಣದಿರಬಹುದು. ಸ್ವಲ್ಪ ದೂರ ಹೆಚ್ಚು ನಡೆದರೂ ಸರಿ, ಅಂಗಡಿಗಳ ಗಿಜಿಬಿಜಿಯಿಲ್ಲದ, ರಸ್ತೆ ನೇರವಾಗಿ ಕಾಣುವ ಜಾಗದಲ್ಲಿ ದಾಟುವುದು ಅವರಿಗೆ ಕ್ಷೇಮ.

ಕತ್ತಲಲ್ಲಿ ನಡೆಯುವವರು

ಮಗ್ರಿಬ್‌ನ ಹೊತ್ತಿಗೆ ಬೀದಿದೀಪವಿಲ್ಲದ ರಸ್ತೆಯಲ್ಲಿ ಬುರ್ಖಾ ಧರಿಸಿದ ತಾಯಿಯೊಬ್ಬಳು ಮಗುವಿನ ಕೈಹಿಡಿದು ನಡೆಯುತ್ತಾಳೆ. ದೂರದಿಂದ ಕಾರಿನ ಬೆಳಕು ಬೀಳುತ್ತದೆ. ಆಕೆಗೆ ಕಾರು ಚೆನ್ನಾಗಿ ಕಾಣುತ್ತದೆ, ಆದ್ದರಿಂದ ಕಾರಿನವನಿಗೂ ತಾನು ಕಾಣುತ್ತಿದ್ದೇನೆಂದು ಆಕೆ ಭಾವಿಸುತ್ತಾಳೆ. ಪಾದಚಾರಿಗಳೆಲ್ಲರೂ ಹೀಗೆಯೇ ಭಾವಿಸುತ್ತಾರೆ ಎಂಬುದು ಅನೇಕ ಅಧ್ಯಯನಗಳಲ್ಲಿ ಕಂಡುಬಂದ ಸಂಗತಿ. ತಾವು ನಿಜವಾಗಿ ಕಾಣುವುದಕ್ಕಿಂತ ಬಹಳ ದೂರದಿಂದಲೇ ಕಾಣುತ್ತೇವೆಂದು ಜನರ ಲೆಕ್ಕ. ಇದು ಬುರ್ಖಾ ಒಂದರ ಮಾತಲ್ಲ. ಕಪ್ಪು ಕೊಡೆ, ಕಡುನೀಲಿ ಸಮವಸ್ತ್ರ, ಬೂದು ಬಣ್ಣದ ರೈನ್‌ಕೋಟು, ಮಾಸಿದ ಲುಂಗಿ ಎಲ್ಲವೂ ಒದ್ದೆ ಡಾಮರಿನ ಮುಂದೆ ಕರಗುತ್ತವೆ. ಬಿಳಿ ಉಟ್ಟರೆ ಎಲ್ಲ ಸರಿಹೋಗುತ್ತದೆಂಬುದೂ ತಪ್ಪು. ಬಿಳಿ ಕಾಂಪೌಂಡ್ ಗೋಡೆಯ ಮುಂದೆ ಬಿಳಿ ಅಂಗಿಯೂ ಮಾಯವಾಗುತ್ತದೆ.

ಉಡುಪು ಬದಲಾಯಿಸಬೇಕಾಗಿಲ್ಲ, ಅದಕ್ಕೊಂದು ಸಣ್ಣ ಸೇರ್ಪಡೆ ಸಾಕು. ಬಿದ್ದ ಬೆಳಕನ್ನು ಬಂದ ದಿಕ್ಕಿಗೇ ಮರಳಿಸುವ ರಿಫ್ಲೆಕ್ಟರ್ ಪಟ್ಟಿಗಳು ಸೈಕಲ್ ಅಂಗಡಿಗಳಲ್ಲಿ, ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತವೆ. ಅಂಟಿಸುವಂಥವೂ ಇವೆ, ಹೊಲಿಯುವಂಥವೂ ಇವೆ. ಎಲ್ಲಿ ಹಾಕಬೇಕೆಂಬುದರಲ್ಲಿ ಒಂದು ಗುಟ್ಟಿದೆ. ಸ್ವೀಡನ್ನಿನ ಉಪ್ಸಾಲಾದ ಗುನ್ನಾರ್ ಯೊಹಾನ್ಸನ್ 1973ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಬ್ಬ ವ್ಯಕ್ತಿಯ ಕೀಲುಗಳಿಗೆ ಪುಟ್ಟ ದೀಪಗಳನ್ನು ಕಟ್ಟಿ ಕತ್ತಲೆಯಲ್ಲಿ ಚಿತ್ರೀಕರಿಸಿದ್ದರು. ವ್ಯಕ್ತಿ ನಿಂತಾಗ ನೋಡುವವರಿಗೆ ಕಂಡದ್ದು ಅರ್ಥವಿಲ್ಲದ ಹತ್ತು ಹನ್ನೆರಡು ಚುಕ್ಕಿಗಳು. ಆತ ಒಂದು ಹೆಜ್ಜೆ ಇಟ್ಟೊಡನೆ ಅದು ಮನುಷ್ಯನೆಂದು ತಿಳಿದುಬಿಟ್ಟಿತು. ಇದೇ ತತ್ವವನ್ನು ಆಸ್ಟ್ರೇಲಿಯಾದ ಜೋಆನ್ ವುಡ್, ಅಮೆರಿಕದ ರಿಚರ್ಡ್ ಟೈರೆಲ್ ಮತ್ತಿತರರು ರಾತ್ರಿ ರಸ್ತೆಯಲ್ಲಿ ಪರೀಕ್ಷಿಸಿದರು. ಎದೆಯ ಮೇಲೆ ಅಗಲವಾದ ಹೊಳೆಯುವ ಜಾಕೆಟ್ ತೊಟ್ಟವರಿಗಿಂತ, ಮಣಿಕಟ್ಟು, ಮೊಣಕಾಲು, ಕಾಲಿನ ಗಂಟಿನ ಬಳಿ ಪಟ್ಟಿ ಕಟ್ಟಿದವರನ್ನು ಚಾಲಕರು ಹೆಚ್ಚು ದೂರದಿಂದಲೇ ಮನುಷ್ಯರೆಂದು ಗುರುತಿಸಿದರು. ಎದೆಯ ಪಟ್ಟಿ ಅಷ್ಟಾಗಿ ಅಲುಗಾಡುವುದಿಲ್ಲ, ರಸ್ತೆ ಬದಿಯ ಇನ್ನೊಂದು ಬೋರ್ಡಿನಂತೆ ಕಾಣುತ್ತದೆ. ಕಾಲಿನ ಪಟ್ಟಿ ಪ್ರತಿ ಹೆಜ್ಜೆಗೂ ಮೇಲೆ ಕೆಳಗೆ ಆಡುತ್ತದೆ, ಅಂಥ ಚಲನೆ ಕಂಬಕ್ಕೂ ಇಲ್ಲ, ಬೋರ್ಡಿಗೂ ಇಲ್ಲ.

ಆದ್ದರಿಂದ ಪಟ್ಟಿಯನ್ನು ಬುರ್ಖಾದ ಕೆಳ ಅಂಚಿಗೆ ಮತ್ತು ತೋಳಿನ ಅಂಚಿಗೆ ಹೊಲಿಯಿರಿ. ಮಕ್ಕಳ ಶೂಗಳ ಹಿಮ್ಮಡಿಗೆ ಅಂಟಿಸಿ. ಬೆಳಗಿನ ನಮಾಝಿಗೆ ಕತ್ತಲಲ್ಲೇ ಹೊರಡುವ ಅಜ್ಜನ ಊರುಗೋಲಿಗೂ ಒಂದು ಸುತ್ತು ಹಾಕಿ. ಹಾಕಿದ ಮೇಲೆ ಮನೆಯಂಗಳದಲ್ಲೇ ಪರೀಕ್ಷಿಸಬಹುದು. ರಾತ್ರಿ ಅವರನ್ನು ಐವತ್ತು ಹೆಜ್ಜೆ ದೂರ ಕಳಿಸಿ, ಟಾರ್ಚನ್ನು ನಿಮ್ಮ ಕಣ್ಣಿನ ಪಕ್ಕಕ್ಕೇ ಹಿಡಿದು ಬೆಳಕು ಬಿಡಿ. ಸೊಂಟದ ಹತ್ತಿರ ಹಿಡಿದರೆ ಪಟ್ಟಿ ಅಷ್ಟು ಹೊಳೆಯದು, ಏಕೆಂದರೆ ಅದು ಬೆಳಕನ್ನು ಟಾರ್ಚಿನತ್ತಲೇ ಹಿಂದಿರುಗಿಸುತ್ತದೆ. ಮೊದಲು ಅವರು ನಿಂತೇ ಇರಲಿ. ಆಮೇಲೆ ನಿಮ್ಮತ್ತ ನಾಲ್ಕು ಹೆಜ್ಜೆ ನಡೆದು ಬರಲಿ.